ನೆರೆಯಲ್ಲಿ ಹೋದ ಚಾಳೀಸು

2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನಲ್ಲಿ ಸುರಿದ ಮಳೆಯನ್ನು ಇಲ್ಲಿರುವ ನಮ್ಮ ಸದಸ್ಯೆಯರು ಯಾರೂ ಮರೆತಿರಲಾರರು. ಅಂದು ಬೆಳಗ್ಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಬಳಿ ದಡ ದಾಟಿದೆ ಎಂದು ಟಿವಿಯಲ್ಲಿ ಹೇಳಿದ್ದರು. ಸಮುದ್ರ ಎಲ್ಲೋ, ನಾವೆಲ್ಲೋ ಎಂದುಕೊಂಡು ಕೆಲಸದಲ್ಲಿ ತೊಡಗಿದೆವು. ರಾತ್ರಿ ಕಳೆಯುವುದರೊಳಗೆ ಘಟಕೇಸರದ ಕಡೆ 30 ಸೆಂಟಿಮೀಟರಿಗೂ ಹೆಚ್ಚು ಮಳೆಯಾಯಿತು. ಹಿಮಾಯತ್ ಸಾಗರದ ಗೇಟುಗಳನ್ನು ಎತ್ತಿದರು. ಕೆರೆಯ ಕಟ್ಟೆ ಒಡೆದು ಬಡಾವಣೆಗಳಿಗೆ ನೀರು ನುಗ್ಗಿತು, ಕಾರು ನಿಲ್ಲಿಸುವ ಜಾಗದಲ್ಲಿ ದೋಣಿ ಓಡಾಡಿತು.

ಕೊರೊನಾ ಭಯದ ದಿನಗಳು. ಆದರೂ ನಾಲ್ಕು ದಿನ ಬಿಟ್ಟು ನಾವು ಆರು ಜನ ಹೆಂಗಸರು ಮಾಸ್ಕ್ ಕಟ್ಟಿಕೊಂಡು ಟೋಲಿಚೌಕಿಯ ಆಚೆಯ ಒಂದು ಗಲ್ಲಿಗೆ ಹೋದೆವು. ಚೀಲಗಳಲ್ಲಿ ಅಕ್ಕಿ, ಬೇಳೆ, ಎಣ್ಣೆ, ಚಾದರ, ಸೋಪು, ಎರಡು ಸೀರೆ. ಪಟ್ಟಿ ಮಾಡಿದವಳು ನಾನೇ. ಏನೂ ಬಿಟ್ಟಿಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು. ಗಲ್ಲಿಯ ಕೊನೆಯ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಹಸಿ ಗೋಡೆಗೆ ಒರಗಿ ಕೂತಿದ್ದರು. ಚೀಲವನ್ನು ಕೈಯಿಂದ ತಡವಿ ನೋಡಿದರು. ಒಂದೊಂದನ್ನೂ ಮುಟ್ಟಿ ಏನೆಂದು ತಿಳಿದುಕೊಂಡರು. ಆಮೇಲೆ ಕೇಳಿದರು: "ಸಬ್ ಕುಚ್ ದಿಯೆ ಮಾ, ಐನಕ್ ಹೈ ಕ್ಯಾ?"

ಎಲ್ಲಾ ಕೊಟ್ಟಿರಿ, ಕನ್ನಡಕ ಇದೆಯೇ? ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನೀರು ಬಂದ ರಾತ್ರಿ ಮೊಮ್ಮಗ ಅವರನ್ನು ಹೆಗಲ ಮೇಲೆ ಹೊತ್ತು ಮಹಡಿಗೆ ಒಯ್ದಿದ್ದ. ತಲೆದಿಂಬಿನ ಪಕ್ಕದಲ್ಲಿದ್ದ ಕನ್ನಡಕ ನೀರಿನ ಪಾಲಾಗಿತ್ತು. ಅದಿಲ್ಲದೆ ಅವರಿಗೆ ಕತ್ತಲೆ ಬೆಳಕು ತಿಳಿಯುತ್ತಿತ್ತು, ಎದುರಿಗೆ ಯಾರೋ ನಿಂತಿದ್ದಾರೆಂದು ತಿಳಿಯುತ್ತಿತ್ತು, ಅಷ್ಟೇ.

ಮನೆಗೆ ಬಂದ ಮೇಲೆ ನನಗೆ ನೆನಪಾದದ್ದು ರಾಯಚೂರು ಜಿಲ್ಲೆಯ ನಮ್ಮೂರು, ನಮ್ಮಜ್ಜಿ, ಅವಳ ಚಾಳೀಸು. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ನಲವತ್ತಕ್ಕೆ ಬರುವುದರಿಂದ ಆ ಹೆಸರು. ನಮ್ಮಜ್ಜಿಗೆ ಅದು ಬಂದದ್ದು ಅರವತ್ತು ದಾಟಿದ ಮೇಲೆ, ಕಣ್ಣಿನ ಪೊರೆ ತೆಗೆಸಿದ ಬಳಿಕ. ತಾಲ್ಲೂಕಿನ ಊರಿನ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆದಾಗ ಅಪ್ಪ ಅವಳನ್ನು ಚಕ್ಕಡಿಯಲ್ಲಿ ಕರೆದುಕೊಂಡು ಹೋಗಿದ್ದರು. ನಾನಾಗ ಮೂರನೆಯ ತರಗತಿ ಇದ್ದಿರಬೇಕು. ಎಂಟು ದಿನ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನೆಲದ ಮೇಲೆ ಸಾಲಾಗಿ ಮಲಗಿದ್ದವರಲ್ಲಿ ನಮ್ಮಜ್ಜಿಯನ್ನು ಗುರುತಿಸಲು ನನಗೆ ಆಗಿರಲಿಲ್ಲ. ಬಂದಾಗ ಅವಳ ಮೂಗಿನ ಮೇಲೆ ಸೀಸೆಯ ತಳದಷ್ಟು ದಪ್ಪನೆಯ ಗಾಜು. ಆ ಗಾಜಿನ ಹಿಂದೆ ಅವಳ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು, ನಾವು ಮಕ್ಕಳು ಹೆದರಿ ಓಡಿದ್ದೆವು.

ಅದು ಯಾಕೆ ಅಷ್ಟು ದಪ್ಪ ಎಂದು ಈಗ ಗೊತ್ತಾಗಿದೆ. ಆಗಿನ ಶಸ್ತ್ರಚಿಕಿತ್ಸೆಯಲ್ಲಿ ಮಂಜುಗಟ್ಟಿದ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು. ಅದರ ಜಾಗದಲ್ಲಿ ಬೇರೊಂದನ್ನು ಕೂಡಿಸುತ್ತಿರಲಿಲ್ಲ. ಕಣ್ಣೊಳಗೆ ಕೃತಕ ಮಸೂರ ಇಡುವುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲೇ ಮಾಡಿ ತೋರಿಸಿದ್ದರು. ಯುದ್ಧವಿಮಾನದ ಚಾಲಕರ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳು ಕಣ್ಣಿಗೆ ಅಷ್ಟೇನೂ ತೊಂದರೆ ಕೊಡದೆ ಅಲ್ಲೇ ಉಳಿದದ್ದನ್ನು ಗಮನಿಸಿ ಅವರಿಗೆ ಹೊಳೆದ ಉಪಾಯವದು. ಆದರೆ ಅದು ನಮ್ಮ ಹಳ್ಳಿಯ ಬಡವರ ಕಣ್ಣಿಗೆ ಬರಲು ಇನ್ನೂ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯವರೆಗೆ ಪೊರೆ ತೆಗೆಸಿಕೊಂಡವರ ಮಸೂರ ಇದ್ದದ್ದು ಅವರ ಮೂಗಿನ ಮೇಲೆ, ಸುಮಾರು +10 ಪವರಿನ ಗಾಜಾಗಿ. ಲೋಕ ಕಾಲುಭಾಗ ದೊಡ್ಡದಾಗಿ ಕಾಣುವುದು, ಬದಿಯ ನೋಟ ತಪ್ಪುವುದು, ಮೆಟ್ಟಿಲು ಇಳಿಯುವಾಗ ಹೆಜ್ಜೆ ಎಡವುವುದು. ಆದರೂ ಕಾಣುತ್ತಿತ್ತು. ಆ ಗಾಜು ಒಡೆದರೆ ಅಥವಾ ಕಳೆದರೆ, ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿದ್ದರೂ, ಅವರು ಮತ್ತೆ ಕುರುಡರು.

ನಮ್ಮಜ್ಜಿಗೆ ಆದದ್ದೂ ಅದೇ. ಒಂದು ಮಳೆಗಾಲ ಎಡೆಬಿಡದೆ ಮಳೆ ಹಿಡಿದು ಮಣ್ಣಿನ ಮಾಳಿಗೆ ನೆನೆದು ಪಡಸಾಲೆಯ ಗೋಡೆ ಬಿತ್ತು. ಜನ ಉಳಿದರು, ಗೂಡಿನಲ್ಲಿಟ್ಟಿದ್ದ ಚಾಳೀಸು ಮಣ್ಣಡಿಗೆ ಹೋಯಿತು. ಅಪ್ಪ ಗೋಡೆ ಎಬ್ಬಿಸಿದರು, ಮಾಳಿಗೆಗೆ ಮಣ್ಣು ಹಾಕಿಸಿದರು, ನೆಂದ ಜೋಳ ಒಣಗಿಸಿದರು. ಚಾಳೀಸಿನ ಸರದಿ ಬಂದದ್ದು ನಾಲ್ಕು ತಿಂಗಳ ಮೇಲೆ. ಅಷ್ಟೂ ದಿನ ಅವಳು ಕಟ್ಟೆಯ ಮೇಲೆ ಕೂತು "ಮಣ್ಣಾಗ ಸಿಕ್ತೇನು ನೋಡವ್ವಾ" ಎಂದು ನನ್ನನ್ನು ಕೇಳುತ್ತಿದ್ದಳು. ಯಾರೂ ಅವಳನ್ನು ಕಡೆಗಣಿಸಿದರು ಎಂದು ನಾನು ಹೇಳಲಾರೆ. ಗೋಡೆ ಬಿದ್ದ ಮನೆಯಲ್ಲಿ ಮುದುಕಿಯ ಚಾಳೀಸು ನಷ್ಟದ ಲೆಕ್ಕಕ್ಕೆ ಬರುವುದೇ ಇಲ್ಲ, ಅಷ್ಟೇ. ಇಂದಿಗೂ ಸರ್ಕಾರದ ವಿಕೋಪ ಪರಿಹಾರದ ನಿಯಮಗಳಲ್ಲಿ ಕಣ್ಣು ಹೋದರೆ ಪರಿಹಾರವಿದೆ, ಕೊಚ್ಚಿಹೋದ ಬಟ್ಟೆಗಿದೆ, ಪಾತ್ರೆಗಿದೆ. ಕನ್ನಡಕಕ್ಕೆಂದು ಒಂದು ಸಾಲನ್ನು ನಾನು ಕಂಡಿಲ್ಲ.

ಈ ಊರಿನಲ್ಲಿ ನೆರೆಯ ಕಥೆ ಹೇಳುವಾಗ ಯಾರಾದರೂ 1908ರಿಂದಲೇ ಶುರುಮಾಡಬೇಕು. ಆ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸುಮಾರು 15,000 ಜನ ಸತ್ತರೆಂದು ಅಂದಾಜು. ನದಿದಂಡೆಯ ಅಫ್ಜಲ್‌ಗಂಜ್ ಆಸ್ಪತ್ರೆಯೇ ಕೊಚ್ಚಿಹೋಯಿತು. ಆಸ್ಪತ್ರೆಯ ಆವರಣದ ಹುಣಸೆಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಇಂದಿಗೂ ಇದೆ. ಆ ನೆರೆಯ ಸಂತ್ರಸ್ತರ ಸೇವೆಗೆ ಇಳಿದವರಲ್ಲಿ ಸರೋಜಿನಿ ನಾಯ್ಡು ಅವರೂ ಒಬ್ಬರು. ಅದಕ್ಕಾಗಿ ಬ್ರಿಟಿಷ್ ಸರ್ಕಾರ ಕೊಟ್ಟ ಕೈಸರ್-ಎ-ಹಿಂದ್ ಪದಕವನ್ನು ಜಲಿಯನ್‌ವಾಲಾಬಾಗ್ ಹತ್ಯಾಕಾಂಡದ ನಂತರ ಅವರು ಹಿಂದಿರುಗಿಸಿದರು. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ಬೊಂಬಾಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಅವರಿಗೆ ಅಲ್ಲಿಗೇ ಕರೆ ಹೋಯಿತು. ಅವರ ಸಲಹೆಯಂತೆ ಮುಂದೆ ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಎದ್ದವು. ಹೈದರಾಬಾದಿನ ಕನ್ನಡಿಗರಾದ ನಾವು ಪ್ರತಿ ಸಮಾರಂಭದಲ್ಲೂ ಇದನ್ನು ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ನಾನು ಹೇಳಹೊರಟಿರುವುದು ನಾವು ಅಷ್ಟಾಗಿ ಹೇಳಿಕೊಳ್ಳದ ಇನ್ನೊಬ್ಬ ಕನ್ನಡಿಗರ ಮಾತು.

ಮುರುಗಪ್ಪ ಚನ್ನವೀರಪ್ಪ ಮೋದಿ. ಎಂ.ಸಿ. ಮೋದಿ ಎಂದರೆ ಉತ್ತರ ಕರ್ನಾಟಕದ ಹಿರಿಯರಿಗೆ ತಕ್ಷಣ ತಿಳಿಯುತ್ತದೆ. ಹುಟ್ಟಿದ್ದು 1916ರ ಅಕ್ಟೋಬರ್ 4ರಂದು ಬೀಳಗಿಯಲ್ಲಿ. ಆಗ ಅದು ಬಿಜಾಪುರ ಜಿಲ್ಲೆ, ಈಗ ಬಾಗಲಕೋಟೆ. ಬೊಂಬಾಯಿಯಲ್ಲಿ ವೈದ್ಯಕೀಯ ಓದಿ, ಗಾಂಧೀಜಿಯ ಪ್ರಭಾವಕ್ಕೆ ಸಿಕ್ಕಿ, ದುಡ್ಡಿನ ವೈದ್ಯಕೀಯ ಬಿಟ್ಟು 1943ರಲ್ಲಿ ಗುಜರಾತಿನ ಪಾಟಣದಲ್ಲಿ ಮೊದಲ ಉಚಿತ ಕಣ್ಣಿನ ಶಿಬಿರ ನಡೆಸಿದರು. ಆಮೇಲೆ ನಿಲ್ಲಲಿಲ್ಲ. ಆಸ್ಪತ್ರೆಯನ್ನೇ ಗಾಡಿಯಲ್ಲಿ ಹೇರಿಕೊಂಡು ಊರೂರು ತಿರುಗಿದರು. ಕಣ್ಣು ಕಾಣದವನು ಪಟ್ಟಣಕ್ಕೆ ಹೇಗೆ ಬರಬೇಕು, ನಾವೇ ಹೋಗಬೇಕು ಎಂಬ ಸರಳ ತರ್ಕ ಅವರ ಇಡೀ ಬಾಳಿನ ಕೆಲಸದ ಹಿಂದಿತ್ತು. ಪದ್ಮಶ್ರೀ 1956ರಲ್ಲಿ, ಪದ್ಮಭೂಷಣ 1968ರಲ್ಲಿ ಬಂದವು. 2005ರ ನವೆಂಬರಿನಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಆಸ್ಪತ್ರೆಯಿದೆ, ರಸ್ತೆಯಿದೆ. ದಾವಣಗೆರೆಯಲ್ಲಿ ವೃತ್ತವಿದೆ.

ಶಿಬಿರವೆಂದರೆ ಹೇಗಿರುತ್ತಿತ್ತೆಂದು ಇಂದಿನ ಮಕ್ಕಳಿಗೆ ಹೇಳುವುದು ಕಷ್ಟ. ವಾರ ಮೊದಲು ಡಂಗುರ, ಕರಪತ್ರ. ಊರ ಶಾಲೆಗೆ ರಜೆ. ಬೆಂಚುಗಳನ್ನು ಜೋಡಿಸಿದರೆ ಶಸ್ತ್ರಚಿಕಿತ್ಸೆಯ ಮೇಜು. ಊರ ಸಾಹುಕಾರರು ಅಕ್ಕಿ ಬೇಳೆ ಕೊಡುವುದು, ಮಠದವರು ಊಟ ಹಾಕುವುದು, ಕಾಲೇಜು ಹುಡುಗರು ರೋಗಿಗಳನ್ನು ಎತ್ತಿ ತರುವುದು. ಸಾಲಾಗಿ ಮಲಗಿಸಿದ ರೋಗಿಗಳ ನಡುವೆ ಡಾಕ್ಟರು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಗಿನ್ನೆಸ್ ದಾಖಲೆಗಳ ಪುಸ್ತಕ ಮೋದಿಯವರ ಲೆಕ್ಕವನ್ನು 1993ರ ಫೆಬ್ರವರಿಯವರೆಗೆ ಹೀಗೆ ಕೊಟ್ಟಿತು: ಭೇಟಿಯಿತ್ತ ಹಳ್ಳಿಗಳು 46,120, ನೋಡಿದ ರೋಗಿಗಳು 1,21,18,630, ಶಸ್ತ್ರಚಿಕಿತ್ಸೆಗಳು 6,10,564. ಒಂದೇ ದಿನದಲ್ಲಿ ಮಾಡಿದ ಅತಿ ಹೆಚ್ಚು ಪೊರೆ ಶಸ್ತ್ರಚಿಕಿತ್ಸೆ 833. ದಿನಕ್ಕೆ ಹದಿನಾಲ್ಕು ಗಂಟೆ ಕೆಲಸವೆಂದು ಹಿಡಿದರೂ ನಿಮಿಷಕ್ಕೊಂದು ಕಣ್ಣಾಯಿತು. ಈ ಅಂಕಿಯನ್ನು ಓದಿದಾಗ ನನಗೆ ಕೈಮುಗಿಯಬೇಕೆನಿಸುತ್ತದೆ, ಜೊತೆಗೆ ಸ್ವಲ್ಪ ಎದೆ ಝಲ್ಲೆನ್ನುತ್ತದೆ. ಎರಡೂ ನಿಜ.

ಕೈಮುಗಿಯುವುದು ಯಾಕೆಂದರೆ, ಆ ಕಾಲದಲ್ಲಿ ಶಿಬಿರ ಬಿಟ್ಟರೆ ನಮ್ಮಜ್ಜಿಯಂಥವರಿಗೆ ಬೇರೆ ದಾರಿಯೇ ಇರಲಿಲ್ಲ. ಅದರಲ್ಲೂ ಹೆಂಗಸರಿಗೆ. ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದರೆ ಜೊತೆಗೊಬ್ಬ ಗಂಡಸು ಬೇಕು, ಬಸ್ಸಿನ ದುಡ್ಡು ಬೇಕು, ಮನೆಯಲ್ಲಿ ರೊಟ್ಟಿ ಬಡಿಯಲು ಬೇರೊಬ್ಬಳು ಬೇಕು. "ನಂದೇನೈತಿ, ಇನ್ನೆಷ್ಟು ದಿನ" ಎಂದು ಮುದುಕಿಯರೇ ಹಿಂದೆ ಸರಿಯುತ್ತಿದ್ದರು. ಶಿಬಿರ ನಡೆದರೆ ಜಾತ್ರೆಗೆ ಹೋದ ಹಾಗೆ ಓಣಿಯವರೆಲ್ಲ ಒಟ್ಟಿಗೆ ಹೋಗುತ್ತಿದ್ದರು, ಅಂಜಿಕೆ ಕಡಿಮೆ.

ಎದೆ ಝಲ್ಲೆನ್ನುವುದು ಶಿಬಿರ ಮುಗಿದ ಮೇಲಿನ ದಿನಗಳನ್ನು ನೆನೆದರೆ. ಡಾಕ್ಟರು ಮುಂದಿನ ಊರಿಗೆ ಹೋಗಿರುತ್ತಾರೆ. ಕಣ್ಣು ಕೆಂಪಾದರೆ, ಕೀವಾದರೆ ಕೇಳುವವರು ಯಾರು? ರೆಡಿಮೇಡ್ ದಪ್ಪ ಗಾಜಿನ ಕನ್ನಡಕ ಕೊಟ್ಟು ಕಳಿಸುವುದು ವಾಡಿಕೆಯಾಗಿತ್ತು, ಅದು ಒಡೆದರೆ ಇನ್ನೊಂದು ಎಲ್ಲಿ? ಶಿಬಿರಗಳ ಮೇಲಿನ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1986ರ ಏಪ್ರಿಲಿನಲ್ಲಿ. ಉತ್ತರ ಪ್ರದೇಶದ ಖುರ್ಜಾದಲ್ಲಿ ನಡೆದ ಒಂದು ಶಿಬಿರದಲ್ಲಿ ಸೋಂಕು ತಗುಲಿ 84 ಜನ ಶಸ್ತ್ರಚಿಕಿತ್ಸೆಯಾದ ಕಣ್ಣನ್ನು ಕಳೆದುಕೊಂಡರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1989ರ ತೀರ್ಪಿನಲ್ಲಿ ಪರಿಹಾರ ಕೊಡಿಸಿದರು. ಬರಬರುತ್ತಾ ತಾತ್ಕಾಲಿಕ ಜಾಗಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವುದು ಬೇಡ, ಹಳ್ಳಿಯಲ್ಲಿ ಪರೀಕ್ಷೆ ಮಾಡಿ ರೋಗಿಯನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕರೆತನ್ನಿ ಎಂಬ ಪದ್ಧತಿ ಬಂತು. ಒಂದು ರೀತಿಯಲ್ಲಿ ಗಾಡಿ ಅದೇ, ದಿಕ್ಕು ಬದಲಾಯಿತು.

ಇದೇ ಹೊತ್ತಿನಲ್ಲಿ ಎರಡು ಕೆಲಸ ದಕ್ಷಿಣದಲ್ಲಿ ನಡೆದವು. ಒಂದು ಮಧುರೆಯಲ್ಲಿ. ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಶುರುಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆಯ ಅಂಗವಾಗಿ 1992ರಲ್ಲಿ ಆರೋಲ್ಯಾಬ್ ಹುಟ್ಟಿತು. ಕಣ್ಣೊಳಗಿಡುವ ಮಸೂರವನ್ನು ಅಲ್ಲಿ ಅಗ್ಗವಾಗಿ ತಯಾರಿಸತೊಡಗಿದರು. ಅದರಿಂದ ದಪ್ಪ ಗಾಜಿನ ಕಾಲ ಮುಗಿಯುತ್ತಾ ಬಂತು. ಇನ್ನೊಂದು ನಮ್ಮ ಹೈದರಾಬಾದಿನಲ್ಲಿ.

ಎಲ್.ವಿ. ಪ್ರಸಾದ್ ಅವರ ಹೆಸರು ಸಿನಿಮಾ ಬಲ್ಲವರಿಗೆಲ್ಲ ಗೊತ್ತು. ಹಿಂದಿ, ತಮಿಳು, ತೆಲುಗು ಮೂರೂ ಭಾಷೆಗಳ ಮೊದಲ ಮಾತಿನ ಚಿತ್ರಗಳಲ್ಲಿ ಬಣ್ಣ ಹಚ್ಚಿದವರು. ಅವರು ಕೊಟ್ಟ ಐದು ಎಕರೆ ಜಮೀನು ಮತ್ತು ಒಂದು ಕೋಟಿ ರೂಪಾಯಿಯಿಂದ, ಅಮೆರಿಕದಿಂದ ಹಿಂದಿರುಗಿದ ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್ ಅವರು ಬಂಜಾರಾ ಹಿಲ್ಸ್‌ನಲ್ಲಿ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಕಟ್ಟಿದರು. 1987ರಲ್ಲಿ ಅದು ರೋಗಿಗಳನ್ನು ನೋಡತೊಡಗಿತು. ನಮ್ಮೂರಿನಿಂದ ಯಾರಾದರೂ ಕಣ್ಣು ತೋರಿಸಲು ಬಂದರೆ ನಾವೆಲ್ಲ ಒಮ್ಮೆಯಾದರೂ ಅಲ್ಲಿ ಸಾಲಿನಲ್ಲಿ ನಿಂತವರೇ. ಕಲಬುರಗಿ, ರಾಯಚೂರು, ಬೀದರ್ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಮದುವೆಯಾಗಿ ಇಲ್ಲಿಗೆ ಬಂದ ನಮ್ಮ ಮನೆಗಳು ಎಷ್ಟೋ ವರ್ಷ ಕಣ್ಣಿನ ರೋಗಿಗಳ ಛತ್ರಗಳೇ ಆಗಿದ್ದವು. ನಮ್ಮ ಮನೆಯ ಹಿತ್ತಲ ಕೋಣೆಗೆ ಹಸಿರು ಪರದೆ ಹಾಕಿಸಿದ್ದು ಅದಕ್ಕಾಗಿಯೇ.

ಆದರೆ ನಾನು ಇಲ್ಲಿ ಹೇಳಬೇಕೆಂದಿರುವುದು ಆ ದೊಡ್ಡ ಕಟ್ಟಡದ ಮಾತಲ್ಲ. 1996ರಲ್ಲಿ ಆ ಸಂಸ್ಥೆಯ ಮೊದಲ ಗ್ರಾಮೀಣ ಕಣ್ಣಿನ ಆಸ್ಪತ್ರೆ ಮುಧೋಳದಲ್ಲಿ ಶುರುವಾಯಿತು. ನಮಗೆ ಮುಧೋಳ ಎಂದರೆ ರನ್ನನ ಊರು, ಬೇಟೆ ನಾಯಿಯ ಊರು. ಇದು ಅದಲ್ಲ, ಆಗಿನ ಆದಿಲಾಬಾದ್ ಜಿಲ್ಲೆಯ ಮುಧೋಳ, ಬಾಸರದ ಸರಸ್ವತಿ ದೇವಸ್ಥಾನದ ಹತ್ತಿರದ್ದು. ಅಲ್ಲಿಂದ ಬೆಳೆದ ಏರ್ಪಾಡು ಹೀಗಿದೆ: ಸುಮಾರು 50,000 ಜನರಿಗೆ ಒಂದು ದೃಷ್ಟಿ ಕೇಂದ್ರ, ಐದು ಲಕ್ಷದಿಂದ ಹತ್ತು ಲಕ್ಷ ಜನರಿಗೆ ಶಸ್ತ್ರಚಿಕಿತ್ಸೆ ಮಾಡುವ ಒಂದು ಗ್ರಾಮೀಣ ಆಸ್ಪತ್ರೆ, ಅದರ ಮೇಲೆ ದೊಡ್ಡ ಆಸ್ಪತ್ರೆಗಳು. ದೃಷ್ಟಿ ಕೇಂದ್ರದಲ್ಲಿ ಡಾಕ್ಟರು ಇರುವುದಿಲ್ಲ. ಹನ್ನೆರಡನೆಯ ತರಗತಿ ಓದಿ ಒಂದು ವರ್ಷ ತರಬೇತಿ ಪಡೆದ ಅದೇ ಸೀಮೆಯ ಯುವಕ ಅಥವಾ ಯುವತಿ ಇರುತ್ತಾರೆ. ಕಣ್ಣು ಪರೀಕ್ಷಿಸುವುದು, ಕನ್ನಡಕದ ಪವರ್ ಬರೆಯುವುದು, ಕನ್ನಡಕ ಮಾಡಿಸಿಕೊಡುವುದು, ಪೊರೆ ಕಂಡರೆ ಮೇಲಕ್ಕೆ ಕಳಿಸುವುದು ಅವರ ಕೆಲಸ. ಮೋದಿಯವರ ಶಿಬಿರದಂತೆ ಜಾತ್ರೆಯ ಗದ್ದಲವಿಲ್ಲ, ಗಿನ್ನೆಸ್ ದಾಖಲೆಯಿಲ್ಲ. ಒಂದು ಕೋಣೆ, ಗೋಡೆಯ ಮೇಲೆ ಅಕ್ಷರದ ಫಲಕ, ಒಂದು ರಿಜಿಸ್ಟರು.

ಆ ರಿಜಿಸ್ಟರಿನಲ್ಲಿ ಇಡೀ ವಿಷಯ ಅಡಗಿದೆ ಎಂದು ನನಗೆ ಹೊಳೆದದ್ದು 2020ರ ಆ ನೆರೆಯ ಮೇಲೆ. ಚಂಡಮಾರುತ ಬಂದು ಹೋಗುತ್ತದೆ. ಅದರ ಹಿಂದೆಯೇ ಪರಿಹಾರದ ಗಾಡಿಗಳೂ ಬಂದು ಹೋಗುತ್ತವೆ. ಕಣ್ಣಿನ ಗಾಡಿ ಬಂದರೆ ಕೆಂಪುಗಣ್ಣಿಗೆ ಔಷಧಿ ಹಾಕುತ್ತದೆ, ಗಾಳಿಗೆ ಹಾರಿಬಂದ ಕಸಕಡ್ಡಿ ತೆಗೆಯುತ್ತದೆ. ದೊಡ್ಡ ಕೆಲಸವೇ. ಹೊಲದಲ್ಲಿ ಒಡ್ಡು ಕಟ್ಟುವಾಗ, ಬಿದ್ದ ಮರ ಕಡಿಯುವಾಗ ಕಣ್ಣಿಗೆ ಕಡ್ಡಿ ತಗುಲಿ ಹುಣ್ಣಾದರೆ ಎರಡು ದಿನದ ತಡ ಕೂಡ ಕಣ್ಣನ್ನು ಕಳೆಯಬಲ್ಲದು. ಆದರೆ ಗ್ಲಾಕೋಮ ಇರುವವರಿಗೆ ದಿನವೂ ಹಾಕುವ ಹನಿ ಔಷಧಿಯ ಸೀಸೆ ನೀರುಪಾಲಾಗಿರುತ್ತದೆ. ಅದರ ಹೆಸರು ಅವರಿಗೆ ನೆನಪಿರುವುದಿಲ್ಲ, ಚೀಟಿಯೂ ನೀರುಪಾಲು. ಕನ್ನಡಕದ ಪವರೂ ಹಾಗೆಯೇ. ಎಲ್ಲೋ ಒಂದು ಕಡೆ, ನೀರು ಬಾರದ ಜಾಗದಲ್ಲಿ, ಅದನ್ನು ಬರೆದಿಟ್ಟವರು ಬೇಕು. ಈ ಸಂಸ್ಥೆಯಲ್ಲಿ 2010ರ ಆಸುಪಾಸಿನಿಂದ ದಾಖಲೆಗಳು ಕಂಪ್ಯೂಟರಿಗೆ ಸೇರತೊಡಗಿದವು.

ಕರಾವಳಿಗೆ ಇದು ಎಷ್ಟು ಮುಖ್ಯವೆಂದು ತಿಳಿಯಲು ದಿವಿಸೀಮೆಯನ್ನು ನೆನೆಯಬೇಕು. 1977ರ ನವೆಂಬರ್ 19ರಂದು ಕೃಷ್ಣಾ ನದಿ ಕಡಲು ಸೇರುವ ಆ ಸೀಮೆಗೆ ಚಂಡಮಾರುತ ಅಪ್ಪಳಿಸಿ, ಕಡಲೇ ಎದ್ದು ಹಳ್ಳಿಗಳ ಮೇಲೆ ಬಂತು. ಸತ್ತವರು 10,000 ಎಂದು ಒಂದು ಲೆಕ್ಕ, ಅದಕ್ಕಿಂತ ಬಹಳ ಹೆಚ್ಚು ಎಂದು ಇನ್ನೊಂದು. ಹೈದರಾಬಾದಿನ ಹಳಬರು ಆ ದಿನಗಳಲ್ಲಿ ಬೀದಿಬೀದಿಯಲ್ಲಿ ಬಟ್ಟೆ ಕೂಡಿಸಿದ್ದನ್ನು ಇಂದಿಗೂ ಹೇಳುತ್ತಾರೆ. ಭಾರತ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಆಗಿನ್ನೂ ಒಂದೇ ವರ್ಷ, 1976ರದ್ದು ಅದು. ಪೊರೆ ತೆಗೆಸಿಕೊಂಡವರೆಲ್ಲ ದಪ್ಪ ಗಾಜಿನ ಮೇಲೆ ಬದುಕುತ್ತಿದ್ದ ಕಾಲ. ದಿವಿಸೀಮೆಯಲ್ಲಿ ಬದುಕುಳಿದ ಮುದುಕ ಮುದುಕಿಯರಲ್ಲಿ ಎಷ್ಟು ಜನರ ಗಾಜು ಕಡಲಿಗೆ ಹೋಗಿರಬಹುದು ಎಂದು ಒಮ್ಮೆ ಯೋಚಿಸಿ. ಮಗ, ಸೊಸೆ, ಮೊಮ್ಮಕ್ಕಳ ಹೆಣ ಗುರುತಿಸಲು ಕರೆದರೆ ಕಣ್ಣೇ ಕಾಣದ ಸ್ಥಿತಿ.

ಇಪ್ಪತ್ತು ವರ್ಷದ ಮೇಲೆ, 1996ರಿಂದ 2000ದವರೆಗೆ, ಎಲ್.ವಿ. ಪ್ರಸಾದ್ ಸಂಸ್ಥೆಯವರು ಆಂಧ್ರಪ್ರದೇಶದ ಕಣ್ಣಿನ ಕಾಯಿಲೆಗಳ ಸಮೀಕ್ಷೆ ಮಾಡಿದರು. ಹೈದರಾಬಾದ್ ನಗರ, ಆದಿಲಾಬಾದ್, ಮಹಬೂಬನಗರ, ಮತ್ತು ಕರಾವಳಿಯ ಪಶ್ಚಿಮ ಗೋದಾವರಿ. ಒಟ್ಟು 10,293 ಜನರ ಕಣ್ಣು ನೋಡಿದರು. ಕುರುಡುತನ ಇದ್ದದ್ದು ನೂರಕ್ಕೆ 1.84 ಜನರಲ್ಲಿ. ಅದರ ಕಾರಣಗಳಲ್ಲಿ ಪೊರೆಯ ಪಾಲು ಶೇ. 44. ಇನ್ನು ಶೇ. 16.3 ಮಂದಿ ಕುರುಡರಾಗಿದ್ದದ್ದು ಬರೀ ಸರಿಯಾದ ಕನ್ನಡಕ ಇಲ್ಲದ್ದಕ್ಕೆ! ಯಾವ ಚಂಡಮಾರುತವೂ ಇಲ್ಲದ ದಿನಗಳ ಲೆಕ್ಕ ಇದು. ವಯಸ್ಸಾದವರು, ಬಡವರು, ಹಳ್ಳಿಯವರು, ಹೆಂಗಸರು, ಇವರಲ್ಲಿ ಕುರುಡುತನ ಹೆಚ್ಚೆಂದೂ ಅದರಲ್ಲಿದೆ. ನಾಲ್ಕೂ ಒಟ್ಟಿಗೆ ಸೇರಿದರೆ ನಮ್ಮಜ್ಜಿ. ಮುಂದೆ ಇದೇ ಸಂಸ್ಥೆಯವರು ಪ್ರಕಾಶಂ ಜಿಲ್ಲೆಯ ಕಡಲ ಮೀನುಗಾರರ ಕೇರಿಗಳಲ್ಲೂ ಇಂಥ ಸಮೀಕ್ಷೆ ಮಾಡಿದರು. ಅಲ್ಲೂ ಮುಖ್ಯ ಕಾರಣಗಳು ಅವೇ ಎರಡು, ಪೊರೆ ಮತ್ತು ಕನ್ನಡಕವಿಲ್ಲದಿರುವುದು.

1999ರ ಅಕ್ಟೋಬರ್ 29ರ ಮಹಾ ಚಂಡಮಾರುತದಲ್ಲಿ ನಲುಗಿದ ಒಡಿಶಾದಲ್ಲಿ, ಭುವನೇಶ್ವರದಲ್ಲಿ, 2006ರಲ್ಲಿ ಈ ಸಂಸ್ಥೆಯ ದೊಡ್ಡ ಆಸ್ಪತ್ರೆ ತೆರೆಯಿತು. ವಿಶಾಖಪಟ್ಟಣದಲ್ಲೂ ಅದೇ ವರ್ಷ. ಎಂಟು ವರ್ಷದ ಮೇಲೆ, 2014ರ ಅಕ್ಟೋಬರ್ 12ರಂದು, ಹುದ್‌ಹುದ್ ಚಂಡಮಾರುತ ನೇರವಾಗಿ ಆ ನಗರದ ಮೇಲೇ ಬಂತು.

ನಮ್ಮ ಕಡೆಗೆ ಕಡಲಿಲ್ಲ, ಚಂಡಮಾರುತದ ಹೆಸರೂ ಬರುವುದಿಲ್ಲ. ಆದರೆ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳನ್ನು ರಾಯಚೂರು, ಬಾಗಲಕೋಟೆ, ಬಿಜಾಪುರದವರು ಮರೆಯುವುದಿಲ್ಲ. ಬಂಗಾಳ ಕೊಲ್ಲಿಯಿಂದಲೇ ಬಂದ ಮಳೆ. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ತುಂಗಭದ್ರೆ ಉಕ್ಕಿ ಮಂತ್ರಾಲಯದ ಮಠಕ್ಕೆ ನೀರು ನುಗ್ಗಿತು, ಕರ್ನೂಲು ನಗರ ಮುಳುಗಿತು. ಆಮೇಲೆ ಸರ್ಕಾರ 'ಆಸರೆ' ಎಂದು ಮನೆ ಕಟ್ಟಿಕೊಟ್ಟಿತು. ನಾನು ನನ್ನ ತಮ್ಮನ ಜೊತೆ ತವರಿನ ಕಡೆ ಹೋಗಿದ್ದೆ. ಗಂಜಿ ಕೇಂದ್ರದಲ್ಲಿ ಒಬ್ಬ ಮೇಷ್ಟರು ನಷ್ಟದ ಅರ್ಜಿ ತುಂಬಿಸಿಕೊಳ್ಳುತ್ತಿದ್ದರು. ಹೆಬ್ಬೆಟ್ಟು ಒತ್ತಲು ಬಂದವರಲ್ಲಿ ಓದು ಬಾರದವರು ಕೆಲವರು, ಓದು ಬಂದರೂ ಕಣ್ಣು ಕಾಣದವರು ಕೆಲವರು. ಒಬ್ಬ ಹೆಂಗಸು ಮೇಷ್ಟರ ಮೂಗಿನ ಮೇಲಿದ್ದ ಚಾಳೀಸನ್ನೇ ಈಸಿಕೊಂಡು ಅರ್ಜಿ ಓದಿ, ಮನೆಯ ಅಳತೆ ತಪ್ಪು ಬರೆದದ್ದನ್ನು ತಿದ್ದಿಸಿದಳು. ಆಗ ನನಗೆ ಅದು ತಮಾಷೆಯಾಗಿ ಕಂಡಿತ್ತು. ತಿದ್ದಿಸದಿದ್ದರೆ ಅವಳಿಗೆ ಎಷ್ಟು ನಷ್ಟವಾಗುತ್ತಿತ್ತೆಂದು ಲೆಕ್ಕ ಹಾಕಿರಲಿಲ್ಲ. ಆ ಮೇಲೂ ನನ್ನ ಪಟ್ಟಿಗೆ ಚಾಳೀಸು ಸೇರಲು ಹನ್ನೊಂದು ವರ್ಷ ಹಿಡಿಯಿತು ನೋಡಿ.

2020ರಲ್ಲಿ ನಾವು ಮಾಡಿದ್ದು ಸಣ್ಣ ಕೆಲಸ. ಅಬಿಡ್ಸ್‌ನ ಸಗಟು ಅಂಗಡಿಯಿಂದ +1ರಿಂದ +3ರವರೆಗಿನ ಓದುವ ಕನ್ನಡಕಗಳನ್ನು ತಂದೆವು. ಅಕ್ಷರದ ಫಲಕದ ಬದಲು ತೆಲುಗು, ಉರ್ದು ಪತ್ರಿಕೆಗಳ ತುಂಡು, ಜೊತೆಗೊಂದು ಸೂಜಿ, ಒಂದು ದಾರದುಂಡೆ. ಓದು ಬಾರದವರು ಸೂಜಿಗೆ ದಾರ ಪೋಣಿಸಿ ನೋಡುತ್ತಿದ್ದರು. ಕಣ್ಣು ಕೆಂಪಾದವರು, ಒಂದು ಕಣ್ಣಷ್ಟೇ ಮಂದವಾದವರು, ನೋವಿರುವವರು, ಇವರಿಗೆ ಕನ್ನಡಕ ಕೊಡಬೇಡಿ, ಆಸ್ಪತ್ರೆಗೇ ಕಳಿಸಿ ಎಂದು ನಮ್ಮ ಪರಿಚಯದ ಒಬ್ಬ ಕಣ್ಣಿನ ಡಾಕ್ಟರು ಫೋನಿನಲ್ಲಿ ಗದರಿಸಿಯೇ ಹೇಳಿದ್ದರು. ಹಾಗೆಯೇ ಮಾಡಿದೆವು.

ಆದರೆ ಮೊದಲು ಕೇಳಿದ ಆ ಅಜ್ಜಿಗೆ ನಮ್ಮ ಡಬ್ಬಿಯ ಯಾವ ಕನ್ನಡಕವೂ ಆಗಲಿಲ್ಲ. ಅವರದು ಮೂವತ್ತು ವರ್ಷಕ್ಕೂ ಹಿಂದೆ ಮಹಬೂಬನಗರದ ಕಡೆಯ ಶಿಬಿರವೊಂದರಲ್ಲಿ ಆದ ಶಸ್ತ್ರಚಿಕಿತ್ಸೆ. ನಮ್ಮಜ್ಜಿಯದೇ ಗಾಜು. ಕನ್ನಡಕದ ಅಂಗಡಿಯ ಹುಡುಗ ಪವರ್ ಕೇಳಿ ನಕ್ಕುಬಿಟ್ಟ. "ಆಂಟಿ, ಈ ನಂಬರ್ ಈಗ ಯಾರೂ ಕೇಳಲ್ಲ, ಆರ್ಡರ್ ಕೊಡಬೇಕು" ಎಂದ. ಈಗಲಾದರೂ ಒಳಗೇ ಲೆನ್ಸ್ ಇಡಿಸಬಹುದೇನೋ ಕೇಳಿ ನೋಡೋಣ ಎಂದು ನಾವು ಹೇಳಿದರೆ ಅಜ್ಜಿ ಒಪ್ಪಲಿಲ್ಲ. ಮೊಮ್ಮಗ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪವರ್ ಹೊಸದಾಗಿ ಬರೆಸಿಕೊಂಡು ಬಂದ. ಹಳೆಯ ಚೀಟಿ ಎಲ್ಲೂ ಇರಲಿಲ್ಲ. ಒಂಬತ್ತು ದಿನವಾಯಿತು.

ಕೊಡಲು ನಾನೇ ಹೋಗಿದ್ದೆ. ಹಾಕಿಕೊಂಡರು. ಗೋಡೆಯ ಮೇಲೆ ನೀರು ನಿಂತ ಗುರುತನ್ನು ನೋಡಿದರು. ಇಷ್ಟು ಎತ್ತರ ಬಂದಿತ್ತೇ ಎಂದು ಆಗ ಅವರಿಗೆ ತಿಳಿದದ್ದು. ಆಮೇಲೆ ನನ್ನ ಕೈಯಲ್ಲಿದ್ದ ದಾರದುಂಡೆ ಈಸಿಕೊಂಡು, ಒಂದು ಮೊಳ ಕಿತ್ತು, ಎರಡೆಳೆ ಮಾಡಿ ಹೊಸೆದು, ಕನ್ನಡಕದ ಎರಡೂ ಕಾಲುಗಳಿಗೆ ಬಿಗಿಯಾಗಿ ಕಟ್ಟಿ ಕೊರಳಿಗೆ ಹಾಕಿಕೊಂಡರು.